ಗೃಹಸ್ಥರೊಡನೆ ಎರಡು ಮಾತು: ಟೊಳ್ಳು ಗೋಡೆಯೂ ಟೆಲಿವಿಷನ್ನೂ

ಗೋಡೆಯೆಂದರೆ ಮಣ್ಣಿನದೋ ಕಲ್ಲಿನದೋ ಇಟ್ಟಿಗೆಯದೋ ಆಗಿರತಕ್ಕದ್ದೆಂಬ ಭಾವನೆಯಲ್ಲಿಯೇ ನಾವು ಅರುವತ್ತು ವರ್ಷಗಳನ್ನು ಕಳೆದೆವು. ಹೊಳಲ್ಕೆರೆಯ ನಮ್ಮ ಹಳೆಯ ಮಾಳಿಗೆಮನೆಯ ಮಣ್ಣುಗೋಡೆ ಒಂದು ಮೊಳಕ್ಕೆ ಕಡಮೆಯಿಲ್ಲದ ದಪ್ಪವುಳ್ಳದ್ದು. ಅದರಲ್ಲಿ ನಮ್ಮ ತಾತಂದಿರು ಹೊಡೆಸಿದ ಗೂಟಗಳು ಇಂದಿಗೂ ಅಲುಗಿಲ್ಲ. ಈಚೆಗೆ ಮಗನ ಸಂಸಾರಕ್ಕೆ ಪ್ರತ್ಯೇಕ ಕೊಠಡಿ ಬೇಕಾಗಲು, ನಡುಮನೆಗೆ ಜಿಪ್ಸಮ್ ಹಲಗೆಯ ಅಡ್ಡಗೋಡೆಯೊಂದನ್ನು ಹಾಕಿಸಿದೆವು. ಕೆಲವೇ ದಿನಗಳಲ್ಲಿ ಕೆಲಸ ಮುಗಿಯಿತು. ಬಣ್ಣ ಬಳಿದ ಮೇಲೆ ಹಳೆಯದಕ್ಕೂ ಹೊಸದಕ್ಕೂ ಭೇದವೇ ತೋರಲಿಲ್ಲ. ಭೇದ ತೋರದಿದ್ದುದೇ ಅನರ್ಥಕ್ಕೆ ಮೂಲವಾಯಿತು.

ಹಲಗೆಯನ್ನು ಮುಚ್ಚುವ ಮುನ್ನ ಬಡಗಿಯು, “ಮೇಷ್ಟ್ರೇ, ಒಳಗಡೆ ಒಂದು ಪ್ಲೈವುಡ್ ತುಂಡು ಕೂರಿಸಿಬಿಡ್ತೀನಿ, ನಾಳೆ ಟೀವಿ ಹಾಕೋಕೆ ಬೇಕಾಗುತ್ತೆ” ಎಂದನು. ನಾವು ಖರ್ಚಿಗೆ ಹಿಂಜರಿದು ಬೇಡವೆಂದೆವು. ಮುಂದೆ ಟೀವಿಯನ್ನು ತೂಗುಹಾಕಲು ಬಂದ ಹುಡುಗನಿಗೆ ಗೋಡೆ ಎಂಥದೆಂದು ನಾವು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಇಟ್ಟಿಗೆಗೋಡೆಗೆ ತಕ್ಕ ಪ್ಲಗ್ಗುಗಳನ್ನೇ ಹೊಡೆದು ಹೋದನು. ಮೂರನೆಯ ವಾರದ ಒಂದು ಸಂಜೆ ಟೀವಿಯು ಚೌಕಟ್ಟಿನೊಡನೆ ಕಳಚಿ ಬಿದ್ದಿತು. ಅದರ ಕೆಳಗೆ ಚಾಪೆ ಹಾಸಿಕೊಂಡು ಚಿತ್ರ ಬರೆಯುತ್ತಿದ್ದ ಮೊಮ್ಮಗಳು, ಅಜ್ಜಿ ಕರೆದರೆಂದು ಆಗತಾನೇ ಅಡಿಗೆಮನೆಗೆ ಎದ್ದುಹೋಗಿದ್ದಳು. ಅವಳ ಬಣ್ಣದ ಪೆಟ್ಟಿಗೆ ಚೂರಾಗಿತ್ತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅನ್ಯರ ಮನೆಯಲ್ಲಿ ಹೀಗಾಗದಿರಲೆಂದು ನಾವು ಕಲಿತುದನ್ನು ಇಲ್ಲಿ ಬರೆಯುತ್ತೇವೆ.

ಈ ಹಲಗೆಯ ತಿರುಳಾದ ಜಿಪ್ಸಮ್ಮು, ನಮ್ಮ ವೈದ್ಯಶಾಸ್ತ್ರದಲ್ಲಿ ಗೋದಂತಿಯೆಂದು ಹೆಸರಾದ ಖನಿಜವೇ. ಅದನ್ನು ಎರಡು ಕಾಗದಗಳ ನಡುವೆ ಗಟ್ಟಿಗೊಳಿಸಿರುತ್ತಾರೆ. ಇದರ ಪೂರ್ವರೂಪಕ್ಕೆ ಅಮೆರಿಕದ ಆಗಸ್ಟೀನ್ ಸ್ಯಾಕೆಟ್ ಎಂಬಾತನು ೧೮೯೪ರಲ್ಲಿ ಪೇಟೆಂಟು ಪಡೆದನು. ಹಲಗೆಯ ದಪ್ಪ ಸಾಮಾನ್ಯವಾಗಿ ೧೨.೫ ಮಿಲಿಮೀಟರು, ಎಂದರೆ ಅರ್ಧ ಅಂಗುಲ. ಅದರ ಹಿಂದೆ ಸುಮಾರು ೨ ಅಡಿಗೊಂದರಂತೆ ಉಕ್ಕಿನ ತಗಡಿನ ಕಂಬಗಳು ನಿಂತಿರುತ್ತವೆ, ಇವನ್ನು ಒಳಗಂಬಗಳೆನ್ನೋಣ. ಮಿಕ್ಕುದೆಲ್ಲ ಟೊಳ್ಳು. ಮಾಳಿಗೆಯ ಭಾರವನ್ನು ತೊಲೆಕಂಬಗಳು ಹೊರುವಂತೆ ಇಲ್ಲಿಯೂ ಭಾರವು ಒಳಗಂಬವನ್ನು ಸೇರಬೇಕು. ಹಲಗೆ ಚರ್ಮ, ಒಳಗಂಬ ಅಸ್ಥಿ. ಚರ್ಮಕ್ಕೆ ಭಾರವನ್ನು ಹೊರಿಸಲಾಗದು.

ಮೊದಲು ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ ನೋಡಬೇಕು. ತಮಟೆಯಂತೆ ಸದ್ದು ಬಂದರೆ ಟೊಳ್ಳೆಂದು ತಿಳಿಯತಕ್ಕದ್ದು. ಅನಂತರ ಸಣ್ಣದೊಂದು ಅಯಸ್ಕಾಂತವನ್ನು ಗೋಡೆಯ ಮೇಲೆ ಮೆಲ್ಲಗೆ ಆಡಿಸಿದರೆ, ಹಲಗೆಯನ್ನು ಬಿಗಿದಿರುವ ತಿರುಪುಮೊಳೆಗಳ ಮೇಲೆ ಅದು ಅಂಟಿಕೊಳ್ಳುತ್ತದೆ. ಅವು ಒಂದರ ಕೆಳಗೊಂದು ಸಾಲಾಗಿ ಸಿಕ್ಕಿದಲ್ಲಿಯೇ ಒಳಗಂಬವುಂಟು. ಅಲ್ಲಿ ಸೀಸದ ಕಡ್ಡಿಯಿಂದ ಗುರುತುಮಾಡಿಕೊಳ್ಳಬೇಕು. ಕೊರೆಯುವ ಮುನ್ನ ವಿದ್ಯುತ್ತಿನ ತಂತಿ ಎಲ್ಲಿ ಹಾದುಹೋಗಿದೆಯೆಂದು ವಿಚಾರಿಸಿ, ಆ ಭಾಗದ ಪ್ರವಾಹವನ್ನು ನಿಲ್ಲಿಸುವುದನ್ನು ಮರೆಯಲಾಗದು.

ಗೋಡೆ ಇನ್ನೂ ತೆರೆದಿದ್ದರೆ ನಮ್ಮ ಬಡಗಿ ಹೇಳಿದ ಮಾರ್ಗವೇ ಉತ್ತಮ: ೧೮ ಮಿಲಿಮೀಟರಿನ ಪ್ಲೈವುಡ್ಡನ್ನು ಒಳಗಂಬಗಳ ನಡುವೆ ಬಿಗಿದು ಆಮೇಲೆ ಹಲಗೆ ಮುಚ್ಚುವುದು. ಮುಚ್ಚಿಹೋಗಿದ್ದರೆ ಅಂಥದೇ ಪ್ಲೈವುಡ್ಡನ್ನು ಹೊರಗಿನಿಂದ ಕಡಮೆಯೆಂದರೆ ಎರಡು ಒಳಗಂಬಗಳಿಗೆ ಸೇರುವಂತೆ ಅನೇಕ ಕಡೆ ಬಿಗಿದು, ಅದರ ಮೇಲೆ ಟೀವಿಯ ಚೌಕಟ್ಟನ್ನು ಕೂರಿಸಬೇಕು. ತಗಡು ತೆಳುವಾದುದರಿಂದ ಬರಿಯ ತಿರುಪುಮೊಳೆಗಿಂತ, ಒಳಹೊಕ್ಕ ಮೇಲೆ ರೆಕ್ಕೆ ಬಿಚ್ಚಿ ಹಿಂದಿನಿಂದ ಹಿಡಿಯುವ ಟಾಗಲ್ ಬೋಲ್ಟುಗಳು ಲೇಸು. ಅಮೆರಿಕದಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಿ ಒಳಗಂಬಗಳು ಬಹುಮಟ್ಟಿಗೆ ಮರದವು, ಸಾಮಾನ್ಯವಾಗಿ ೧೬ ಅಂಗುಲಕ್ಕೊಂದು; ಅಲ್ಲಿ ಉದ್ದನೆಯ ತಿರುಪುಮೊಳೆಯನ್ನು ಮರದ ನಡುಮಧ್ಯಕ್ಕೇ ಇಳಿಸಬೇಕು. ಎಲ್ಲಿಯಾದರೂ ರಸಮಟ್ಟವನ್ನಿಟ್ಟು ನೋಡಿ, ಇಬ್ಬರು ಸೇರಿ ಎತ್ತತಕ್ಕದ್ದು.

ಮುಂದಕ್ಕೆ ಎಳೆದುಕೊಳ್ಳುವ ತೋಳುಳ್ಳ ಚೌಕಟ್ಟಿನ ವಿಷಯದಲ್ಲಿ ಒಂದು ಲೆಕ್ಕವನ್ನು ಗಮನಿಸಿರಿ. ಟೀವಿಯ ತೂಕ ೧೦ ಕಿಲೋಗ್ರಾಮು, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ಅಂತರ ೨೦ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಟೀವಿಯು ಗೋಡೆಗೆ ೫ ಸೆಂಟಿಮೀಟರು ದೂರದಲ್ಲಿದ್ದರೆ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಕೀಳುವ ಸೆಳೆತ ಸುಮಾರು ೨.೫ ಕಿಲೋಗ್ರಾಮಿನಷ್ಟು, ೫೦ ಸೆಂಟಿಮೀಟರಿಗೆ ಎಳೆದರೆ ಅದೇ ಸೆಳೆತ ೨೫ ಕಿಲೋಗ್ರಾಮಾಗುತ್ತದೆ. ಏತದ ಮರ ತುದಿಗೆ ಹೋದಷ್ಟೂ ಬಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಟೊಳ್ಳು ಗೋಡೆಗೆ ಒತ್ತಿ ಕೂರುವ ಚೌಕಟ್ಟೇ ಯೋಗ್ಯ. ಚೌಕಟ್ಟನ್ನು ಬಿಗಿದ ಮೇಲೆ ಕೈಯಿಂದ ಬಲವಾಗಿ ಕೆಳಕ್ಕೂ ಹೊರಕ್ಕೂ ಜಗ್ಗಿ, ಕದಲದಿದ್ದರೆ ಮಾತ್ರ ಟೀವಿಯನ್ನು ಏರಿಸಬೇಕು. ತಿಂಗಳು ಕಳೆದ ಮೇಲೆ ಮತ್ತೊಮ್ಮೆ ನೋಡಬೇಕು.

ಒಳಗಂಬ ಸಿಕ್ಕದಿದ್ದರೆ ಟೀವಿಯನ್ನು ಅಗಲವಾದ ಮೇಜಿನ ಮೇಲಿಟ್ಟು, ಮಗುಚದಂತೆ ಪಟ್ಟಿಯಿಂದ ಹಿಂದಕ್ಕೆ ಕಟ್ಟುವುದರಲ್ಲಿ ನಾಚಿಕೆಯೇನೂ ಇಲ್ಲ. ನಾವು ಈಗ ಪ್ಲೈವುಡ್ ಹಾಕಿಸಿದ್ದೇವೆ. ಅದೇ ಬಡಗಿಯನ್ನು ಕರೆದು, ಅಂದು ಅವನ ಮಾತು ಕೇಳದಿದ್ದುದು ತಪ್ಪೆಂದು ಒಪ್ಪಿಕೊಂಡೆವು. ಆದರೂ ಮೊಮ್ಮಗಳ ಚಾಪೆಯನ್ನು ಮಾತ್ರ ಎದುರುಗೋಡೆಯ ಕಡೆಗೇ ಹಾಸುತ್ತೇವೆ.