ಹೋರಿಗೆ ಹೆಸರಿದೆ, ಹಿಡಿದವನಿಗೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹೋರಿ ಹಬ್ಬದ ಸಮಿತಿಯವರೇ, ಹೋರಿ ಮಾಲೀಕರೇ, ಅಭಿಮಾನಿಗಳೇ, ಈ ಮಾತು ನಿಮಗೆ. ಒಂದು ಕಾಲಕ್ಕೆ ತಾವೇ ಅಖಾಡಕ್ಕಿಳಿದು ಕೊಬ್ಬರಿ ಹರಿದು, ಇವತ್ತು ಬಿಳಿ ಅಂಗಿ ತೊಟ್ಟು ವೇದಿಕೆಯ ಮೇಲೆ ಕೂತವರು ನಿಮ್ಮಲ್ಲಿದ್ದಾರಲ್ಲ, ಎಲ್ಲರಿಗಿಂತ ಮೊದಲು ಅವರಿಗೆ.

ದೀಪಾವಳಿಯ ಬಲಿಪಾಡ್ಯಮಿಗೆ ಶುರುವಾದ ಹಬ್ಬ ಊರಿಂದ ಊರಿಗೆ ದಾಟುತ್ತ ತಿಂಗಳುಗಟ್ಟಲೆ ನಡೆಯುತ್ತದೆ. ಕೊಂಬಿಗೆ ಕೊಂಬಣಸು, ಮೈಮೇಲೆ ಜೂಲು, ಕಾಲಿಗೆ ಗೆಜ್ಜೆ, ಬಲೂನು ಕಟ್ಟಿದ ಎತ್ತರದ ಪೀಪಿ, ಕೊರಳಿಗೆ ಒಣಕೊಬ್ಬರಿಯ ಹಾರ. ಓಡುವ ಹೋರಿಯನ್ನು ತಡೆದು ಆ ಹಾರ ಹರಿಯುವುದೇ ಆಟ. ಮೈಕಿನಲ್ಲಿ ಹೋರಿಯ ಹೆಸರು ಕೂಗಿದರೆ ಸಾಕು, ಜನ ಎದ್ದು ನಿಲ್ಲುತ್ತಾರೆ. ಆ ಹೆಸರಿಗೆ ಅಭಿಮಾನಿ ಬಳಗವಿದೆ, ಅಚ್ಚು ಹಾಕಿಸಿದ ಅಂಗಿಗಳಿವೆ, ಹುಟ್ಟುಹಬ್ಬಕ್ಕೆ ಕೇಕಿದೆ. ಹೋರಿ ಸತ್ತರೆ ಊರೇ ಅಳುತ್ತದೆ. ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಅದನ್ನು ಯಾರೂ ಆಡಿಕೊಳ್ಳಬೇಕಾಗಿಲ್ಲ. ಮೇವು ನೀರು ಹಾಕಿ ಮಗನಂತೆ ಸಾಕಿದ ಜೀವಕ್ಕೆ ಅಷ್ಟು ಮರ್ಯಾದೆ ಸಲ್ಲಬೇಕು.

ಆದರೆ ಆ ಹೋರಿಗೆ ಎದುರು ನಿಂತವನು ಯಾರು? ಸಾವಿರ ಜನ ಬೇಲಿಯಾಚೆ ನಿಂತು ಕೇಕೆ ಹಾಕುವಾಗ, ಓಡಿ ಬರುವ ಹೋರಿಯ ಕೊರಳಿಗೆ ಜೋತುಬಿದ್ದು ಹಾರಕ್ಕೆ ಕೈಹಾಕಿದವನು? ಅವನನ್ನು ನೀವೇ ಪೈಲ್ವಾನ ಎಂದು ಕರೆಯುತ್ತೀರಿ. ಹಗಲು ಕಬ್ಬು ಕಡಿಯುವವನೋ, ಗಾರೆ ಕೆಲಸದವನೋ, ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವವನೋ ಆಗಿರುತ್ತಾನೆ. ಹೋರಿ ಹಿಡಿದರೆ ಒಂದು ತಿಜೋರಿಯೋ ಬೈಕೋ ಸಿಕ್ಕೀತು. ಹಿಡಿತ ತಪ್ಪಿದರೆ ಗೊರಸಿನ ಕೆಳಗೆ ಪಕ್ಕೆಲುಬು, ಕೊಂಬಿನ ತುದಿಗೆ ಹೊಟ್ಟೆ. ಮೂವತ್ತು ದಾಟುವ ಹೊತ್ತಿಗೆ ಮಂಡಿ ಮಡಚಲಾಗದೆ, ಭುಜ ಎತ್ತಲಾಗದೆ ಮೂಲೆ ಸೇರಿದವನ ಹೆಸರು ಮುಂದಿನ ದೀಪಾವಳಿಗೆ ಯಾರ ಬಾಯಲ್ಲೂ ಇರುವುದಿಲ್ಲ.

2025ರ ದೀಪಾವಳಿಯಲ್ಲಿ ಹಾವೇರಿ ನಗರ, ದೇವಿಹೊಸೂರು ಮತ್ತು ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಹೋರಿ ತಿವಿದು ಜನ ಸತ್ತರು. ಸತ್ತವರಲ್ಲಿ ವಯಸ್ಸಾದವರೂ ಇದ್ದರು, ಇನ್ನೂ ಬದುಕು ಕಟ್ಟಿಕೊಳ್ಳಬೇಕಿದ್ದ ಹುಡುಗನೂ ಇದ್ದ. ಸುದ್ದಿ ಎರಡು ದಿನ ಓಡಿತು. ಆಮೇಲೆ ಮುಂದಿನ ಊರಿನ ಫ್ಲೆಕ್ಸ್ ಎದ್ದಿತು.

ಹಬ್ಬ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆ ಜಗಳ ನ್ಯಾಯಾಲಯದಲ್ಲಿ ಮುಗಿದಿದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿಗೂ ಎತ್ತಿನ ಗಾಡಿ ಓಟಕ್ಕೂ ತಡೆ ಹಾಕಿತು. 2017ರಲ್ಲಿ ಕರ್ನಾಟಕ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳವನ್ನೂ ಹೋರಿ, ಎತ್ತುಗಳ ಓಟವನ್ನೂ ಉಳಿಸಿಕೊಂಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಇಷ್ಟು ವರ್ಷದ ವಾದ ಹೆಚ್ಚಾಗಿ ನಡೆದದ್ದು ಪ್ರಾಣಿಗೆ ಹಿಂಸೆಯಾಗುತ್ತದೆಯೇ ಇಲ್ಲವೇ ಎಂಬುದರ ಮೇಲೆ. ಕೇಳಲೇಬೇಕಾದ ಪ್ರಶ್ನೆ ಅದು. ಎದುರು ನಿಂತ ಮನುಷ್ಯನ ಮೂಳೆಯ ಲೆಕ್ಕ ಕೇಳುವುದು ಮಾತ್ರ ಊರಿನ ಪಾಲಿಗೆ ಉಳಿಯಿತು. ಊರು ಕೇಳಲಿಲ್ಲ.

ಕೇಳಿದರೆ ಬರುವ ಉತ್ತರ ಎಲ್ಲ ಕಡೆ ಒಂದೇ: "ಅವನ್ನ ಯಾರು ಕರದಿದ್ರು? ತಾನಾ ಬಂದು ಬಿದ್ದ."

ಈ ಉತ್ತರ ಕೋಟಿಗಟ್ಟಲೆ ಡಾಲರ್ ಹರಿಯುವ ಆಟದಲ್ಲೂ ಸೋತಿದೆ. ಅಮೆರಿಕದವರ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ನುಗ್ಗುವವನನ್ನು ಮೈಕೊಟ್ಟು ಕೆಡವುವ ರಕ್ಷಣಾ ಆಟಗಾರರಿರುತ್ತಾರೆ. ಡೇವ್ ಡ್ಯುಯರ್ಸನ್ ಅಂಥವನು. ಶಿಕಾಗೊ ಬೇರ್ಸ್, ನ್ಯೂಯಾರ್ಕ್ ಜೈಂಟ್ಸ್ ತಂಡಗಳಲ್ಲಿ ಆಡಿ ಎರಡು ಬಾರಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ. ನಿವೃತ್ತಿಯ ನಂತರ, ಗಾಯಗೊಂಡ ಹಳೆಯ ಆಟಗಾರರ ಪರಿಹಾರದ ಅರ್ಜಿ ತೀರ್ಮಾನಿಸುವ ಮಂಡಳಿಯಲ್ಲಿ ಕೂತ. ಆಟಕ್ಕೂ ಮರೆವಿನ ಕಾಯಿಲೆಗೂ ಏನು ಸಂಬಂಧ ಎಂದು ಅನುಮಾನಿಸಿದವರಲ್ಲಿ ಅವನೂ ಒಬ್ಬ. ಕಡೆಗೆ ಅವನ ತಲೆಯೇ ಅವನ ಮಾತು ಕೇಳದಾಯಿತು. 2011ರಲ್ಲಿ, ಐವತ್ತನೆಯ ವಯಸ್ಸಿಗೆ, ತನ್ನ ಮಿದುಳನ್ನು ಪರೀಕ್ಷೆಗೆ ಕೊಡಿ ಎಂದು ಬರೆದಿಟ್ಟು ತೀರಿಕೊಂಡ. ಪದೇ ಪದೇ ತಲೆಗೆ ಪೆಟ್ಟು ಬಿದ್ದು ಮಿದುಳು ಕ್ಷಯಿಸುವ ರೋಗ ಅದರಲ್ಲಿತ್ತೆಂದು ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯರು ಹೇಳಿದರು. ಸಾವಿರಾರು ಮಾಜಿ ಆಟಗಾರರು ಲೀಗಿನ ಮೇಲೆ ದಾವೆ ಹೂಡಿದರು. ಲೀಗು ಪರಿಹಾರ ಕೊಡಲು ಒಪ್ಪಬೇಕಾಯಿತು, 2015ರಲ್ಲಿ ನ್ಯಾಯಾಲಯ ಆ ಒಪ್ಪಂದಕ್ಕೆ ಮುದ್ರೆ ಒತ್ತಿತು. ಅವರೂ ತಾವಾಗಿಯೇ ಆಡಲು ಬಂದವರು.

ವೇದಿಕೆಯ ಮೇಲಿನ ಹಳೆಯ ಪೈಲ್ವಾನರೇ, ಡ್ಯುಯರ್ಸನ್ ಕೂತಿದ್ದ ಕುರ್ಚಿಯಲ್ಲಿ ಈಗ ನೀವು ಕೂತಿದ್ದೀರಿ. ಚಳಿಗಾಲದ ಬೆಳಗಿನಲ್ಲಿ ಸೊಂಟ ಹಿಡಿದುಕೊಂಡು ಏಳುವುದು ಹೇಗಿರುತ್ತದೆಂದು ನಿಮಗೆ ಗೊತ್ತು. ನಿಮ್ಮ ಜೊತೆ ಹೋರಿ ಹಿಡಿದ ಎಷ್ಟು ಮಂದಿ ಇವತ್ತು ಕೆಲಸ ಮಾಡಲಾರದೆ ಮನೆಯಲ್ಲಿದ್ದಾರೆಂದೂ ಗೊತ್ತು. ಮಣ್ಣಿನ ಕುಸ್ತಿ ಆಡಿದ ಪೈಲ್ವಾನನಿಗೆ ಸರ್ಕಾರದ ಮಾಸಾಶನವಾದರೂ ಇದೆ. ಅವನ ಹತ್ತಿರ ಗೆದ್ದ ಪ್ರಮಾಣಪತ್ರವಿರುತ್ತದೆ. ಹೋರಿ ಹಿಡಿದವನ ಹತ್ತಿರ ಇರುವುದು ಗಾಯದ ಕಲೆ. ಅದಕ್ಕೆ ಸಾಕ್ಷಿ ಹೇಳಬಲ್ಲವರು ನೀವು, ಆದರೆ ನೀವೇ ಸುಮ್ಮನಿದ್ದೀರಿ.

ಇನ್ನು ಸುಮ್ಮನಿರಬೇಡಿ. ಅಖಾಡಕ್ಕೆ ಇಳಿಯುವ ಪ್ರತಿಯೊಬ್ಬನ ಹೆಸರು, ವಯಸ್ಸು, ಮನೆಯವರ ಫೋನ್ ನಂಬರ್ ಬರೆದುಕೊಳ್ಳಿ. ತಮಿಳುನಾಡಿನ ಅಲಂಗಾನಲ್ಲೂರಿನ ಜಲ್ಲಿಕಟ್ಟಿನಲ್ಲಿ ವೈದ್ಯರ ತಪಾಸಣೆಯಾಗಿ ನಂಬರಿನ ಅಂಗಿ ತೊಟ್ಟವನೇ ಕಣಕ್ಕಿಳಿಯಬೇಕು, ನಮ್ಮಲ್ಲಿ ಯಾಕಾಗಬಾರದು? ಕುಡಿದವನನ್ನೂ ಹದಿನೆಂಟು ತುಂಬದವನನ್ನೂ ಹೊರಗೆ ಕಳಿಸಿ. ಎರಡು ಸಾಲು ಬೇಲಿ ಹಾಕದೆ ಒಂದು ಹೋರಿಯನ್ನೂ ಬಿಡಬೇಡಿ. ಓಡಿ ಬಂದ ಹೋರಿಯನ್ನು ಕಡೆಯಲ್ಲಿ ಹಿಡಿದು ಕಟ್ಟಲು ಜಾಗ ಮಾಡಿ, ಅದು ಊರ ಬೀದಿಗೆ ನುಗ್ಗಬಾರದು. ಆಂಬುಲೆನ್ಸ್ ಬಂದು ನಿಲ್ಲುವವರೆಗೆ ಮೈಕ್ ಹಚ್ಚಬೇಡಿ. ಹೊಟ್ಟೆಗೆ ತಿವಿತ ತಿಂದವನಿಗೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ದೂರವೇ. ಆ ದಿನದ ಮಟ್ಟಿಗೆ ಗುಂಪು ಅಪಘಾತ ವಿಮೆ ಮಾಡಿಸಿ. ಬಹುಮಾನದ ಹಣದಲ್ಲಿ, ದೇಣಿಗೆಯಲ್ಲಿ ಒಂದು ಪಾಲು ತೆಗೆದು, ಅಂಗ ಊನವಾದ ಹಳೆಯ ಪೈಲ್ವಾನರಿಗಾಗಿ ತಾಲ್ಲೂಕಿಗೊಂದು ನಿಧಿ ಕಟ್ಟಿ. ಲಕ್ಷಗಟ್ಟಲೆ ಸುರಿದು ಹೋರಿ ತರುವ ನೆಲದಲ್ಲಿ ಇದಕ್ಕೆ ದುಡ್ಡಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಶಾಸಕರೇ, ಬೈಕಿನ ಕೀಲಿ ಕೊಡಲು ವೇದಿಕೆಗೆ ಬರುವ ಮುಂಚೆ ವಿಮೆಯ ಕಾಗದ ತೋರಿಸಿ ಎಂದು ಕೇಳಿ. ಅಧಿಕಾರಿಗಳೇ, ಕಾಗದವಿಲ್ಲದಿದ್ದರೆ ಪರವಾನಗಿ ಕೊಡಬೇಡಿ. ಹುಡುಗರೇ, ನಿಮ್ಮ ಹೆಸರು ಬರೆದುಕೊಳ್ಳದ ಊರಿನ ಅಖಾಡಕ್ಕೆ ಇಳಿಯಬೇಡಿ. ನೀವು ಇಳಿಯದಿದ್ದರೆ ಯಾವ ಹೋರಿಗೂ ಗೆಲುವಿಲ್ಲ. ತಡೆಯುವವನಿದ್ದರೆ ತಾನೇ ತಪ್ಪಿಸಿಕೊಂಡ ಹೋರಿಗೆ ಹೆಸರು? ಆ ಹೆಸರಿನಲ್ಲಿ ನಿಮಗೂ ಪಾಲಿದೆ. ಅದನ್ನು ಕೇಳಿ ಪಡೆಯಿರಿ.