ಗ್ವಾಡಿ ಎಲ್ಲೈತಿ?

ಮಳೆಗೆ ಮನೆ ಬಿದ್ದರೆ ಕರ್ನಾಟಕದಲ್ಲಿ ಅದಕ್ಕೊಂದು ಅಕ್ಷರ ಸಿಗುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದಿದ್ದರೆ ಎ, ಕಾಲಿನಿಂದ ಮುಕ್ಕಾಲರವರೆಗೆ ಬಿ, ಅದಕ್ಕೂ ಕಡಿಮೆಯಾದರೆ ಸಿ. 2019ರ ಪ್ರವಾಹದಲ್ಲಿ ಎ ಸಿಕ್ಕವರಿಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಗುಡಾರ ಹಾರಿಹೋದರೆ ಯಾವ ಅಕ್ಷರ? ಇರುವುದೇ ನಾಲ್ಕು ಗಳ, ಒಂದು ತಾಡಪತ್ರಿ, ಒಂದಿಷ್ಟು ಗೂಟ. ಅದರಲ್ಲಿ ಮುಕ್ಕಾಲು ಯಾವುದು, ಕಾಲು ಯಾವುದು?

ಕೇಂದ್ರದ ವಿಪತ್ತು ಪರಿಹಾರದ ದರಪಟ್ಟಿಯಲ್ಲಿ ಗುಡಿಸಲಿಗೂ ಒಂದು ಸಾಲು ಇದೆ. 2022ರಿಂದ ಜಾರಿಗೆ ಬಂದ ದರದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ, ಗುಡಿಸಲಿಗೆ 8,000. ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೂ ಗುಡಿಸಲೇ ಎಂದು ಅಡಿಟಿಪ್ಪಣಿ ಉದಾರವಾಗಿ ಒಪ್ಪಿಕೊಳ್ಳುತ್ತದೆ. ಆದರೆ ಅದು ಗುಡಿಸಲೆಂದು ಜಿಲ್ಲಾಡಳಿತ ಗುರುತಿಸಿರಬೇಕು. ಗುರುತಿಸುವ ಸಾಹೇಬರು ಗಾಳಿ ನಿಂತು, ನೀರು ಇಳಿದು, ರಸ್ತೆ ಒಣಗಿದ ಮೇಲೆ ಬರುತ್ತಾರೆ. ಹಾಗೆ ಬಂದವರೊಬ್ಬರು ನಮ್ಮ ದೊಡ್ಡವ್ವನನ್ನು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

‘ನಿನ್ನ ಮನಿ ಎಲ್ಲೈತಬೇ?’

‘ಇಲ್ಲೇ ಇತ್ರೀ ಸಾಹೇಬ್ರ.’

‘ಗ್ವಾಡಿ ಎಲ್ಲೈತಿ?’

‘ಗ್ವಾಡಿ ಇದ್ದಿದ್ರ ನಿಮ್ಮನ್ಯಾಕ ಕಾಯ್ಕೊಂತ ಕುಂದರ್ತಿದ್ವಿರೀ?’

ಸಾಹೇಬರು ನಕ್ಕರು. ಜೀಪಿನವನೂ ನಕ್ಕ. ಹೆಸರು ಬರೆದುಕೊಳ್ಳಲಿಲ್ಲ.

ನಾನು ಹುಟ್ಟಿದ್ದು ಗುಡಾರದಲ್ಲಿ. ಹಾಗಾಗಿ ಮಳೆಗಾಲದ ಸೊಬಗಿನ ಪ್ರಬಂಧಗಳನ್ನು ಓದುವ ವ್ಯವಧಾನ ನನಗಿಲ್ಲ. ಗುಡಾರದಲ್ಲಿ ಮಳೆ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದೇ ಹೆಚ್ಚು. ಸುತ್ತ ಒಂದು ಗೇಣು ಕಾಲುವೆ ತೋಡಿ, ಮಣ್ಣು ಒಳಗಡೆ ಏರಿಸಿರುತ್ತೇವೆ. ಮೊದಲ ದೊಡ್ಡ ಮಳೆಗೇ ಆ ಏರಿ ಕರಗುತ್ತದೆ. ಮೊದಲು ಚಾಪೆಯ ಅಂಚು ತಣ್ಣಗಾಗುತ್ತದೆ, ಆಮೇಲೆ ಮಲಗಿದವರ ಬೆನ್ನು. ಆಗ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತಾರೆ. ಅಕ್ಕಿ ಚೀಲವನ್ನು ಗಳಕ್ಕೆ ಕಟ್ಟುತ್ತಾರೆ. ಆಧಾರ್ ಕಾರ್ಡು, ಇದ್ದರೆ ರೇಷನ್ ಕಾರ್ಡು, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಟೀಲಿನ ಡಬ್ಬಿಗೆ ಹಾಕಿ ಅವ್ವ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಚಿನ್ನ ಇದ್ದವರು ಚಿನ್ನ ಕಾಯುತ್ತಾರೆ, ನಾವು ಜೆರಾಕ್ಸು ಕಾಯುತ್ತೇವೆ.

ತಾಡಪತ್ರಿ ಹರಿದವರು ಚುನಾವಣೆಯ ಹಳೆಯ ಫ್ಲೆಕ್ಸ್ ಹೊದಿಸಿರುತ್ತಾರೆ. ನೀರು ನಿಂತಾಗ ಅದು ತುಂಬು ಬಸುರಿಯ ಹೊಟ್ಟೆಯಂತೆ ಜೋತುಬೀಳುತ್ತದೆ. ಒಳಗಿನಿಂದ ಕೋಲು ಕೊಟ್ಟು ಎತ್ತಿ ನೀರು ಚೆಲ್ಲಬೇಕು. ಕೋಲು ಜೋರಾಗಿ ತಾಗಿದರೆ ಫ್ಲೆಕ್ಸ್ ಸೀಳುತ್ತದೆ, ಮೆಲ್ಲಗೆ ತಾಗಿದರೆ ನೀರು ಕದಲುವುದಿಲ್ಲ. ಹಾಗೆ ಎಷ್ಟೋ ರಾತ್ರಿ ನಮ್ಮ ಅಪ್ಪ ಕೈಮುಗಿದು ನಿಂತ ಜನನಾಯಕರ ಗದ್ದಕ್ಕೆ ಕೋಲು ತಿವಿಯುತ್ತ ಬೆಳಗು ಮಾಡಿದ್ದಾನೆ. ಅವನು ಜೀವಮಾನದಲ್ಲಿ ಮಾಡಿದ ಏಕೈಕ ಪ್ರತಿಭಟನೆ ಅದು.

ಬೆಳಗಾದರೆ ಕಟ್ಟಿಗೆ ಒದ್ದೆ, ಒಲೆಯ ಮೂರು ಕಲ್ಲೂ ಒದ್ದೆ. ಕೂದಲು ಕೊಂಡು ಪಿನ್ನು, ಪಾತ್ರೆ ಕೊಡುವ ಹೆಂಗಸರು ಊರೊಳಗೆ ಹೋಗುವಂತಿಲ್ಲ, ಹಸಿ ಕೂದಲನ್ನು ಯಾರೂ ತೂಗುವುದಿಲ್ಲ. ಮಳೆ ಹಿಡಿದಷ್ಟು ದಿನ ದುಡಿಮೆ ಇಲ್ಲ, ದುಡಿಮೆ ಇಲ್ಲದಷ್ಟು ದಿನ ಉಣ್ಣುವುದಿಲ್ಲ. ಬೇಸಿಗೆಯಾದರೂ ಸುಖವೇ? ರಾಯಚೂರು, ಕಲಬುರಗಿ ಕಡೆ 43 ಡಿಗ್ರಿ ಬಿಸಿಲು ಇರುವಾಗ ಪ್ಲಾಸ್ಟಿಕ್ಕಿನ ಕೆಳಗೆ ಹಸುಗೂಸನ್ನು ಮಲಗಿಸಿ ನೋಡಬೇಕು. ‘ಮಧ್ಯಾಹ್ನ 12ರಿಂದ 3ರವರೆಗೆ ಮನೆಯೊಳಗೇ ಇರಿ’ ಎಂದು ಆರೋಗ್ಯ ಇಲಾಖೆ ಸಲಹೆ ಕೊಡುತ್ತದೆ. ನಮ್ಮವರು ಆ ಹೊತ್ತಿನಲ್ಲಿ ಗುಡಾರ ಬಿಟ್ಟು ಬೇವಿನ ಮರ ಹುಡುಕುತ್ತಾರೆ.

ಮಳೆಗೆ ಜಾತಿ ಇಲ್ಲ ಎನ್ನುತ್ತಾರೆ ಸಜ್ಜನರು. ಬೀಳುವಾಗ ಇಲ್ಲ, ನಿಜ. ಹರಿಯುವಾಗ ಇದೆ. ನಮಗೆ ಬಿಡಾರ ಹೂಡಲು ಬಿಡುವ ಜಾಗ ಯಾವುದು? ಕೆರೆಯಂಗಳ, ಹಳ್ಳದ ದಂಡೆ, ಸುಡುಗಾಡಿನ ಪಕ್ಕ, ರೈಲು ಹಳಿಯ ಬದಿಯ ತಗ್ಗು. ದಿಬ್ಬದ ಮೇಲೆ ಹೂಡಿದರೆ ಸಂಜೆಯೊಳಗೆ ಊರಿನ ಹಿರಿಯರು ಬಂದು ಎಬ್ಬಿಸುತ್ತಾರೆ. ಎಬ್ಬಿಸುವ ಈ ಪದ್ಧತಿಗೂ ಇತಿಹಾಸವಿದೆ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಅಲೆಮಾರಿಗಳ ಎಷ್ಟೋ ಕುಲಗಳನ್ನು ಹುಟ್ಟು ಅಪರಾಧಿಗಳೆಂದು ಸಾರಿದರು. ಸ್ವತಂತ್ರ ಭಾರತ ಆ ಪಟ್ಟಿಯನ್ನು ಹರಿದದ್ದು 1952ರ ಆಗಸ್ಟ್ 31ರಂದು, ಅಂದರೆ ಸ್ವಾತಂತ್ರ್ಯ ಬಂದು ಐದು ವರ್ಷ ಕಳೆದ ಮೇಲೆ. ಪಟ್ಟಿ ಹರಿಯಿತು, ಊರಿನವರ ಕಣ್ಣು ಬದಲಾಗಲಿಲ್ಲ. ಊರಲ್ಲಿ ಕೋಳಿ ಕಳೆದರೂ ಪೊಲೀಸಿನ ಲಾಠಿ ಮೊದಲು ಸರಿಸುವುದು ಗುಡಾರದ ಪರದೆಯನ್ನು.

ನಗರಕ್ಕೆ ಬನ್ನಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿದಾಗ ಕೋಟ್ಯಧೀಶರನ್ನು ಟ್ರಾಕ್ಟರಿನಲ್ಲಿ ಸಾಗಿಸುವುದನ್ನು ದೇಶವೇ ಟಿವಿಯಲ್ಲಿ ನೋಡಿ ಮರುಗಿತು. ಮರುಗಲಿ, ತಪ್ಪಿಲ್ಲ. ಅದೇ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ಕೂಲಿಕಾರರ ಶೆಡ್ಡುಗಳನ್ನು ಜೆಸಿಬಿ ತಂದು ನೆಲಸಮ ಮಾಡಿದರು. ಬಾಂಗ್ಲಾದೇಶದವರು ಎಂದರು. ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು, ಕನ್ನಡದಲ್ಲೇ ಅತ್ತರು. ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು. ಕಟ್ಟಡ ಕಾರ್ಮಿಕರಿಗೆ ಕೆಲಸ ಮುಗಿಯುವವರೆಗೆ ಮಾಲೀಕನೇ ಪುಕ್ಕಟೆ ವಸತಿ ಕೊಡಬೇಕೆಂದು 1996ರ ಕಾಯ್ದೆ ಹೇಳಿತ್ತು. ಮೂವತ್ತು ಅಂತಸ್ತು ಎಬ್ಬಿಸುವವನು ಅದರ ಬುಡದಲ್ಲಿ ನೀಲಿ ಹಾಳೆ ಹೊದ್ದು ಮಲಗಿದ್ದಾನಲ್ಲ, ಆ ಕಾಯ್ದೆಯನ್ನು ಯಾವ ಅಂತಸ್ತಿನಲ್ಲಿ ಹೂತಿದ್ದೀರಿ?

ಇಷ್ಟಾಗಿಯೂ ನ್ಯಾಯ ಸಿಕ್ಕೀತೆಂಬ ಆಸೆ ಒಮ್ಮೆ ಮೂಡಿತ್ತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನೇಮಿಸಿದ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 59 ಸಣ್ಣ ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ. 1ರಷ್ಟು ಪಾಲು ಕೊಡಿ ಎಂದು 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಬುಡ್ಗ ಜಂಗಮ, ಸುಡುಗಾಡು ಸಿದ್ಧ, ಹಂದಿಜೋಗಿಯಂಥವರಿಗೆ. ಅದೇ ತಿಂಗಳು ಸಚಿವ ಸಂಪುಟ ಆ ಒಂದನ್ನು ಅಳಿಸಿ, ಮೂರು ಗುಂಪುಗಳಿಗೆ ಶೇ. 6, 6, 5 ಎಂದು ಲೆಕ್ಕ ಚುಕ್ತಾ ಮಾಡಿ, ನಮ್ಮನ್ನು ನಮಗಿಂತ ಎಷ್ಟೋ ಮುಂದಿರುವ ಸಮುದಾಯಗಳ ಜೊತೆ 5ರೊಳಗೆ ತುರುಕಿತು. ಆ ಸಮುದಾಯಗಳ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಉಂಡುಟ್ಟು ಸುಖವಾಗಿದ್ದವರಲ್ಲ. ಸಿಟ್ಟು ಲೆಕ್ಕ ಹಾಕಿದವರ ಮೇಲೆ. ನಮ್ಮವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು, ದೆಹಲಿಗೂ ಹೋದರು. ಮತ ಕಡಿಮೆ ಇರುವವರ ಧರಣಿಯನ್ನು ಮಳೆಯೇ ಎಬ್ಬಿಸಲಿ ಎಂದು ಕಾಯುವುದು ಸರ್ಕಾರಗಳಿಗೆ ಅಭ್ಯಾಸ.

ನಮಗೆ ಹೊಸ ತಾಡಪತ್ರಿ ಬೇಡ. ಪ್ರತಿ ಮಳೆಗಾಲ ಫೋಟೊ ಹಿಡಿದು ಹಂಚುವ ಕಂಬಳಿಯೂ ಬೇಡ. ನೀರು ಏರದ ಜಾಗದಲ್ಲಿ ನಿವೇಶನ, ಹೆಣ್ಣುಮಗಳ ಹೆಸರಿನಲ್ಲಿ ಹಕ್ಕುಪತ್ರ, ಕಿತ್ತುಕೊಂಡ ಆ ಶೇ. 1 ವಾಪಸು, ಇಷ್ಟು ಬೇಕು. ಇದನ್ನು ಓದುತ್ತಿರುವ ನಿಮ್ಮ ಊರಿನ ಹೊರಗೂ ಗುಡಾರಗಳಿರುತ್ತವೆ. ಮುಂಗಾರು ಶುರುವಾಗುವ ಮೊದಲು ಅಲ್ಲಿಗೆ ಹೋಗಿ ಕುಟುಂಬಗಳ ಹೆಸರು ಬರೆದುಕೊಳ್ಳಿ, ತಹಶೀಲ್ದಾರರಿಗೆ ಅರ್ಜಿ ಕೊಡಿ, ಅರ್ಜಿಯ ಕೆಳಗೆ ನಿಮ್ಮ ಸಹಿಯನ್ನೂ ಹಾಕಿ. ಸ್ವೀಕೃತಿ ಪತ್ರ ಇಸಿದುಕೊಳ್ಳದೆ ಕಚೇರಿಯಿಂದ ಏಳಬೇಡಿ.