ವಿಮಾನ ಇಳಿದ ಮೇಲಿನ ಪ್ರಯಾಣ

ವಿದೇಶ ಪ್ರವಾಸ ಮುಗಿಸಿ ಬಂದವರನ್ನು ನಮ್ಮ ಮೋಕದಲ್ಲಿ ಜನ ಮೊದಲು ಕೇಳುವುದು, 'ವಿಮಾನದಲ್ಲಿ ಹೆದರಿಕೆ ಆಗಲಿಲ್ಲವೇ?' ಎಂದು. ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಹನ್ನೆರಡು ದಿನ ಯುರೋಪು ಸುತ್ತಿ ಮರಳಿದಾಗ ನನಗೂ ಆ ಪ್ರಶ್ನೆ ಎದುರಾಯಿತು. ಆಗಿತ್ತು ಎಂದೆ. ಆದರೆ ಆಕಾಶದಲ್ಲಿ ಅಲ್ಲ, ಪೆನುಕೊಂಡದ ಬಳಿ, ನೆಲದ ಮೇಲೆ, ಊರು ಇನ್ನು ಮೂರು ಗಂಟೆಯ ದಾರಿ ಇರುವಾಗ.

ನಾವು ಹದಿನಾಲ್ಕು ಮಂದಿ ಇದ್ದೆವು. ನಿವೃತ್ತ ಮೇಷ್ಟ್ರಾದ ನಾನು ಮತ್ತು ನನ್ನ ಹೆಂಡತಿ, ಬೀಜ-ಗೊಬ್ಬರದ ಅಂಗಡಿಯ ದಂಪತಿ, ಕುರುಗೋಡಿನ ಇಬ್ಬರು ಅಕ್ಕತಂಗಿಯರು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ಒಂದು ಕುಟುಂಬ, ಬಳ್ಳಾರಿಯ ಕೆಲವರು. ಹೆಚ್ಚಿನವರು ಅರವತ್ತು ದಾಟಿದವರು. ಅಂಥವರು ಗುಂಪಿನಲ್ಲಿ ಹೋಗುವುದೇ ಜಾಣತನ. ಭಾಷೆಯ ಚಿಂತೆಯಿಲ್ಲ, ಊಟದ ಚಿಂತೆಯಿಲ್ಲ, ಯಾವ ಬಾಗಿಲಿನಿಂದ ವಿಮಾನ ಹತ್ತಬೇಕೆಂದು ಹುಡುಕುವ ಗೋಜಿಲ್ಲ. ಆದರೆ ಈ ಆಸರೆಗೆ ಒಂದು ಗಡಿಯಿದೆ ಎಂಬುದನ್ನು ನಮ್ಮಲ್ಲಿ ಯಾರೂ ಹಣ ಕಟ್ಟುವಾಗ ಗಮನಿಸಿರಲಿಲ್ಲ. ಪ್ರವಾಸದ ಕರಪತ್ರದಲ್ಲಿ ಕೊನೆಯ ದಿನದ ವಿವರ ಒಂದೇ ಸಾಲು: 'ಬೆಂಗಳೂರಿಗೆ ಆಗಮನ, ಸವಿನೆನಪುಗಳೊಂದಿಗೆ ಪ್ರವಾಸ ಮುಕ್ತಾಯ.' ಬಳ್ಳಾರಿ ಸೀಮೆಯವನಿಗೆ ದೇವನಹಳ್ಳಿಯಲ್ಲಿ ಯಾವ ಪ್ರಯಾಣವೂ ಮುಕ್ತಾಯವಾಗುವುದಿಲ್ಲ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ 300 ಕಿಲೋಮೀಟರ್ ಉಳಿದಿರುತ್ತದೆ.

ಪ್ಯಾರಿಸ್‌ನಿಂದ ಮಧ್ಯಾಹ್ನ ಮೂರಕ್ಕೆ ಹೊರಡಬೇಕಿದ್ದ ವಿಮಾನ ತಾಂತ್ರಿಕ ದೋಷದ ನೆಪದಲ್ಲಿ ರಾತ್ರಿ ಎಂಟಕ್ಕೆ ಹೊರಟಿತು. ಕೊಲ್ಲಿಯ ನಿಲ್ದಾಣವೊಂದರಲ್ಲಿ ಬದಲಿಸಬೇಕಾಗಿದ್ದ ಬೆಂಗಳೂರಿನ ವಿಮಾನ ನಮ್ಮನ್ನು ಬಿಟ್ಟು ಹೋಗಿಯಾಗಿತ್ತು. ಹದಿನಾಲ್ಕು ಜನರಿಗೆ ಒಟ್ಟಿಗೆ ಸೀಟು ಸಿಗುವುದು ಅಂದಿನ ರಾತ್ರಿಗೇ ಎಂದರು. ಊಟದ ಕೂಪನ್ನು ಕೊಟ್ಟರು, ಕುರ್ಚಿ ತೋರಿಸಿದರು. ಹದಿನೇಳು ಗಂಟೆ ಆ ಕುರ್ಚಿಗಳ ಮೇಲೆ ಕಳೆದೆವು. ಐರೋಪ್ಯ ಒಕ್ಕೂಟದ ನೆಲದಿಂದ ಹೊರಡುವ ಯಾವುದೇ ದೇಶದ ವಿಮಾನ ಹೀಗೆ ತಡವಾದರೆ ಪ್ರಯಾಣಿಕರ ಊಟ, ವಸತಿ, ಪರಿಹಾರಕ್ಕೆಲ್ಲ 2005ರಿಂದ ಜಾರಿಯಲ್ಲಿರುವ ನಿಯಮವೇ ಇದೆ ಎಂದು ನನಗೆ ತಿಳಿದದ್ದು ಮೋಕಕ್ಕೆ ಬಂದು ತಿಂಗಳಾದ ಮೇಲೆ. ಅದು ಬೇರೆಯೇ ಲೇಖನದ ವಿಷಯ. ಇಲ್ಲಿ ಹೇಳಬೇಕಾದದ್ದು ನಮಗಾಗಿ ಕಾದಿದ್ದ ಇನ್ನೊಬ್ಬನ ಸಂಗತಿ.

ಬಳ್ಳಾರಿಯಿಂದ ಟೆಂಪೋ ಟ್ರಾವೆಲರ್ ಒಂದನ್ನು ಮೊದಲೇ ಗೊತ್ತುಮಾಡಿದ್ದೆವು. ನಾವು ಬೆಳಿಗ್ಗೆ ಎಂಟೂವರೆಗೆ ಇಳಿಯಬೇಕಿತ್ತು. ಆದ್ದರಿಂದ ಚಾಲಕ ನಡುರಾತ್ರಿ ಒಂದೂವರೆಗೆ ಬಳ್ಳಾರಿ ಬಿಟ್ಟಿದ್ದ. ಪ್ಯಾರಿಸ್‌ನಲ್ಲಿ ವಿಮಾನ ತಡವೆಂದು ನಮಗೆ ಗೊತ್ತಾದಾಗ ಊರಿನಲ್ಲಿ ಇನ್ನೂ ಸಂಜೆ ಆರೂವರೆ. ಆಗಲೇ ಒಂದು ಫೋನ್ ಮಾಡಿದ್ದರೆ ಆ ಹುಡುಗ ಮನೆಯಲ್ಲಿ ಮಲಗುತ್ತಿದ್ದ. ನಾವು ಮಕ್ಕಳಿಗೆ ಮಾಡಿದೆವು, ಅಳಿಯಂದಿರಿಗೆ ಮಾಡಿದೆವು, ಅಕ್ಕಿ ಗಿರಣಿಯವರು ತಮ್ಮ ಗುಮಾಸ್ತನಿಗೂ ಮಾಡಿದರು. ಚಾಲಕನಿಗೆ ಮಾಡಬೇಕೆಂದು ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ನಾನು ಫೋನ್ ಮಾಡಿದಾಗ ಅವನು ಬಾಗೇಪಲ್ಲಿ ದಾಟಿದ್ದ. ಹಿಂದಿರುಗಿದರೆ ಡೀಸೆಲ್ಲಿನ ಲೆಕ್ಕ ಯಾರ ತಲೆಗೆ? ನಿಲ್ದಾಣದೊಳಗೆ ಗಂಟೆಗಿಷ್ಟೆಂದು ಕೊಡಬೇಕಾದ ನಿಲುಗಡೆ ಶುಲ್ಕ ಉಳಿಸಲು ಹೆದ್ದಾರಿಯ ಪಕ್ಕದ ಹೋಟೆಲೊಂದರ ಮುಂದೆ ಗಾಡಿ ನಿಲ್ಲಿಸಿ, ಮೇ ತಿಂಗಳ ಬಿಸಿಲಿನಲ್ಲಿ ಸೀಟಿನ ಮೇಲೆ ಮುದುಡಿಕೊಂಡು ದಿನ ಕಳೆದ. ನಾವು ಇಳಿದದ್ದು ಅಂದು ರಾತ್ರಿ ಕಳೆದು ಮೂರಕ್ಕೆ. ಸಾಮಾನಿನಲ್ಲಿ ಎರಡು ಪೆಟ್ಟಿಗೆ ಬಂದಿರಲಿಲ್ಲ. ಅದರ ದೂರು ಬರೆಸಿ ಹೊರಬರುವಾಗ ನಾಲ್ಕೂಕಾಲು.

ಸ್ವಲ್ಪ ಮಲಗಿ ಹೊರಡೋಣವೇ ಎಂದು ಅವನನ್ನು ಕೇಳಿದವರಿಲ್ಲ. ಮೇಲಾಗಿ 'ಬಿಸಿಲು ಏರುವುದರೊಳಗೆ ಅನಂತಪುರ ದಾಟಿಬಿಡೋಣಪ್ಪ' ಎಂದವನು ನಾನೇ. 'ಆಗಲಿ ಸಾರ್, ಬರ್ರಿ' ಎಂದ.

ದೇವನಹಳ್ಳಿಯಿಂದ ನಮ್ಮ ಕಡೆಗೆ ನೇರದಾರಿ ಇರುವುದು ಆಂಧ್ರದ ಮೂಲಕ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ, ಪೆನುಕೊಂಡ ಹಾದು, ಅನಂತಪುರದಲ್ಲಿ ಹೆದ್ದಾರಿ ಬಿಟ್ಟು ಉರವಕೊಂಡ, ವಿಡಪನಕಲ್ಲಿನ ಮೇಲೆ ಬಳ್ಳಾರಿ. ರಸ್ತೆ ಚೆನ್ನಾಗಿದೆ, ಅಪಾಯವಿರುವುದೂ ಅಲ್ಲೇ. ನೇರವಾದ, ನುಣುಪಾದ, ನಸುಕಿನಲ್ಲಿ ಖಾಲಿಯಿರುವ ರಸ್ತೆ ಜೋಗುಳ ಹಾಡಿದಂತೆ. ಹಿಂದಿನ ಸೀಟುಗಳಲ್ಲಿ ಎಲ್ಲರೂ ನಿದ್ದೆಹೋಗಿದ್ದರು. ಮುಂದೆ ಕುಳಿತ ನನಗೆ ಮಾತ್ರ ಕಂಡಿತು: ಗಾಡಿ ಮೆಲ್ಲಗೆ ಎಡಕ್ಕೆ ಸರಿಯುತ್ತಿದೆ, ಚಕ್ರ ಬಿಳಿಗೆರೆಯ ಮೇಲೆ ಹತ್ತಿ ಗರಗರ ಸದ್ದು ಬರುತ್ತಿದೆ, ಚಾಲಕನ ಕಣ್ಣು ತೆರೆದೇ ಇದೆ, ಆದರೆ ಆ ಕಣ್ಣು ಏನನ್ನೂ ನೋಡುತ್ತಿಲ್ಲ. ಮುಂದೆ ನೂರು ಗಜದಲ್ಲಿ ದೀಪವಿಲ್ಲದ ಲಾರಿಯೊಂದು ನಿಂತಿತ್ತು. ನಾನು ಕೂಗಿದೆ. ಅವನು ಬೆಚ್ಚಿ ಬಲಕ್ಕೆ ತಿರುಗಿಸಿದ. ಹಿಂದಿನವರಲ್ಲಿ ಕೆಲವರು ಎಚ್ಚರವಾಗಿ 'ಊರು ಬಂತಾ?' ಎಂದರು.

ಇದೇ ಹೆದ್ದಾರಿಯಲ್ಲಿ 2023ರ ಅಕ್ಟೋಬರ್ 26ರ ಬೆಳಿಗ್ಗೆ, ಚಿಕ್ಕಬಳ್ಳಾಪುರದ ಬಳಿ, ಮಂಜಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೋ ಒಂದು ಹಿಂದಿನಿಂದ ಅಪ್ಪಳಿಸಿ 13 ಜನ ಸತ್ತಿದ್ದರು. ಆ ಸುದ್ದಿಯನ್ನು ಓದಿ, ಪಾಪ ಎಂದು, ಪುಟ ತಿರುಗಿಸಿದವರಲ್ಲಿ ನಾನೂ ಒಬ್ಬ. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ವಿಮಾನ ಹತ್ತುವಾಗ ದೇವರಿಗೆ ಕೈಮುಗಿಯುವ ನಾವು ಟೆಂಪೋ ಹತ್ತುವಾಗ ತಿಂಡಿಯ ವಿಚಾರ ಮಾತಾಡುತ್ತೇವೆ.

ವಿಮಾನ ಸುರಕ್ಷಿತವಾಗಿರುವುದು ಯಂತ್ರದಿಂದ ಮಾತ್ರವಲ್ಲ. ಅದನ್ನು ನಡೆಸುವವನ ನಿದ್ದೆಗೂ ಅಲ್ಲಿ ಕಾನೂನಿನ ಕಾವಲಿದೆ. ಪೈಲಟ್‌ಗಳ ದಣಿವನ್ನು ಲಕ್ಷ್ಯದಲ್ಲಿಟ್ಟು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿ, ವಾರದ ಕಡ್ಡಾಯ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ರಾತ್ರಿಯ ವೇಳೆ ಇಳಿಸಬಹುದಾದ ವಿಮಾನಗಳ ಸಂಖ್ಯೆಗೂ ಕಡಿವಾಣ ಹಾಕಿತು. ಅದು ಪೂರ್ಣವಾಗಿ ಜಾರಿಗೆ ಬಂದ ಮೇಲೆ, 2025ರ ಡಿಸೆಂಬರಿನಲ್ಲಿ, ಸಾಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದ ಇಂಡಿಗೊ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ಸರ್ಕಾರ ತಾತ್ಕಾಲಿಕವಾಗಿ ನಿಯಮ ಸಡಿಲಿಸಬೇಕಾಯಿತು. ಆ ಸಡಿಲಿಕೆ ಸರಿಯೇ ತಪ್ಪೇ ಎಂಬ ವಾದವಿರಲಿ, ವಿಮಾನ ನಡೆಸುವವನು ನಿದ್ದೆ ಮಾಡಿರಬೇಕು ಎಂಬ ವಿಷಯವಾದರೂ ಇಡೀ ದೇಶದ ಮಾತಾಯಿತು. ಅದೇ ವಿಮಾನದಿಂದ ಇಳಿದವರನ್ನು ಊರಿಗೆ ಮುಟ್ಟಿಸುವವನ ನಿದ್ದೆಯ ಬಗ್ಗೆ ಯಾವ ಚರ್ಚೆಯೂ ನಡೆಯಲಿಲ್ಲ.

ಕಾನೂನಿಲ್ಲವೆಂದಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ 1961ರಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆಯಿತು. 1988ರ ಮೋಟಾರು ವಾಹನ ಕಾಯಿದೆಯ 91ನೇ ಸೆಕ್ಷನ್ ಚಾಲಕರ ದುಡಿಮೆಯ ಅವಧಿಗೆ ಅದನ್ನೇ ಆಧಾರ ಮಾಡಿಕೊಂಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯೊಳಗೆ ಹಳೆಯ ಕಾಯಿದೆ ಸೇರಿಹೋದರೂ ಎಂಟು ಗಂಟೆಯ ಮಾತು ಉಳಿದುಕೊಂಡಿದೆ. ಆದರೆ 1961ರ ಕಾಯಿದೆ ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಾರಿಗೆ ಉದ್ಯಮಗಳಿಗೆ. ಸಾಲ ಮಾಡಿ ಒಂದೇ ಗಾಡಿ ಕೊಂಡು, ತಾನೇ ಮಾಲೀಕ ತಾನೇ ಚಾಲಕನಾಗಿ ಕಂತು ಕಟ್ಟುವ ಬಳ್ಳಾರಿಯ ಹುಡುಗನ ಗಂಟೆಗಳನ್ನು ಎಣಿಸುವವರು ಯಾರು? ಪೈಲಟ್‌ಗಳಂತೆ ಲಾರಿ ಚಾಲಕರಿಗೂ ಚಾಲನೆಯ ಗಂಟೆ ನಿಗದಿಯಾಗಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರ ಸೆಪ್ಟೆಂಬರಿನಲ್ಲಿ ಹೇಳಿದ್ದರು. ಒಳ್ಳೆಯ ಮಾತು. ನಮ್ಮ ಹೆದ್ದಾರಿಯ ಟೋಲ್ ಗೇಟುಗಳಲ್ಲಿ ಗಾಡಿಯ ಫಾಸ್ಟ್ಯಾಗ್ ಕ್ಷಣಾರ್ಧದಲ್ಲಿ ಓದಲಾಗುತ್ತದೆ. ಚಾಲಕ ಎಷ್ಟು ಹೊತ್ತಿನಿಂದ ಗಾಡಿ ಓಡಿಸುತ್ತಿದ್ದಾನೆಂದು ಓದುವ ಯಂತ್ರವನ್ನು ನಾನು ಅಲ್ಲಿ ಕಂಡಿಲ್ಲ.

ಮದ್ಯ ಕುಡಿದು ಗಾಡಿ ಓಡಿಸುವವನನ್ನು ಹಿಡಿಯುವ ಯಂತ್ರವಿದೆ. ನಮ್ಮ ಕಾನೂನಿನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ, ಎಂದರೆ ಶೇ 0.03, ಮೀರಿದರೆ ಅಪರಾಧ. ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಕುಸಿಯುತ್ತದೆ. ಎರಡು ರಾತ್ರಿ ಸರಿಯಾಗಿ ಮಲಗದ ನಮ್ಮ ಚಾಲಕ ಒಂದು ತೊಟ್ಟೂ ಕುಡಿದಿರಲಿಲ್ಲ. ಕುಡಿದು ಬಂದಿದ್ದರೆ ನಾವು ಹದಿನಾಲ್ಕು ಜನರೂ ಗಾಡಿ ಹತ್ತಲು ಒಪ್ಪುತ್ತಿರಲಿಲ್ಲ ಎಂಬುದಂತೂ ಖಂಡಿತ.

ಇಲ್ಲಿ ಒಂದು ನಾಚಿಕೆಯ ಸಂಗತಿಯನ್ನೂ ಹೇಳಬೇಕು. ಆಸ್ಟ್ರಿಯದಿಂದ ಇಟಲಿಯ ಕಡೆಗೆ ಹೋಗುವಾಗ ನಮ್ಮ ಬಸ್ಸಿನ ಚಾಲಕ ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸಿ ಮುಕ್ಕಾಲು ಗಂಟೆ ಕಾಫಿ ಕುಡಿಯುತ್ತ ಕುಳಿತ. ವೆನಿಸ್ಸಿಗೆ ತಡವಾಗುತ್ತದೆಂದು ನಮ್ಮವರು ಗೊಣಗಿದರು. ಐರೋಪ್ಯ ಒಕ್ಕೂಟದ 2006ರ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದವನು 45 ನಿಮಿಷ ವಿರಮಿಸಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಎಂಬ ಉಪಕರಣ ಎಲ್ಲವನ್ನೂ ದಾಖಲಿಸುತ್ತದೆ ಎಂದು ಮಾರ್ಗದರ್ಶಕ ವಿವರಿಸಿದ. 'ನಮ್ಮ ಕಡೆ ಹುಡುಗರಾಗಿದ್ದರೆ ಇಷ್ಟು ಹೊತ್ತಿಗೆ ಮುಟ್ಟಿಸಿರುತ್ತಿದ್ದರು' ಎಂದು ಯಾರೋ ಅಂದರು. ಎಲ್ಲರೂ ನಕ್ಕೆವು, ನಾನೂ ನಕ್ಕೆ.

ಊರಿನ ಹತ್ತಿರವೇ ವಿಮಾನ ಇಳಿದರೆ ಈ ಗೋಳಿಲ್ಲವಲ್ಲ ಎನ್ನಬಹುದು. ತೋರಣಗಲ್ಲಿನ ಬಳಿಯ ವಿದ್ಯಾನಗರದ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಸಣ್ಣ ವಿಮಾನ ಬಂದಾಗ ನಾವೂ ಹಾಗೆಯೇ ಆಸೆಪಟ್ಟೆವು. ಅದನ್ನು ನಡೆಸುತ್ತಿದ್ದ ಕಂಪನಿ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಬಳ್ಳಾರಿಗೇ ಒಂದು ನಿಲ್ದಾಣವೆಂದು ಚಾಗನೂರು-ಸಿರಿವಾರದ ರೈತರ ವಿರೋಧದ ನಡುವೆ ಜಮೀನು ಪಡೆದು ಹತ್ತು ವರ್ಷಗಳ ಮೇಲಾಯಿತು. ನಡುರಾತ್ರಿ ಮೂರಕ್ಕೆ ಇಳಿಯುವ ಮುದುಕರ ಗುಂಪಿಗೆ ಯಾವ ಸಣ್ಣ ವಿಮಾನವೂ ಕಾಯುವುದಿಲ್ಲವೆಂಬುದೂ ನಿಜ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಹಿಡಿಯಬೇಕೆಂದರೆ ಇಪ್ಪತ್ತಾರು ಪೆಟ್ಟಿಗೆಗಳೊಂದಿಗೆ ಪುನಃ ನಗರದೊಳಕ್ಕೆ ಹೋಗಬೇಕು, ಅದೂ ಹಗಲೆಲ್ಲ ಕಾದು. ಹಾಗಾಗಿ ಟೆಂಪೋ ಗತಿ.

ಟೆಂಪೋವೇ ಗತಿಯಾದರೆ ಅದರ ಚಾಲಕನ ನಿದ್ದೆಯೂ ಪ್ರವಾಸದ ಲೆಕ್ಕದೊಳಗೆ ಬರಬೇಕು. ಲಕ್ಷಗಟ್ಟಲೆ ಹಣ ಪಡೆದು ಆಲ್ಪ್ಸ್ ತೋರಿಸುವ ಸಂಸ್ಥೆಗಳು ಜಿಲ್ಲೆಗಳ ಗುಂಪುಗಳಿಗೆ ದೇವನಹಳ್ಳಿಯಲ್ಲಿ ಒಂದು ರಾತ್ರಿಯ ವಸತಿಯನ್ನು, ಚಾಲಕನ ಹಾಸಿಗೆಯನ್ನೂ ಸೇರಿಸಿ, ಕೊನೆಯ ದಿನಕ್ಕೆ ಬರೆಯಲಿ. ತಲೆಗೆ ಒಂದೆರಡು ಸಾವಿರ ಹೆಚ್ಚಾದೀತು. ನಾವು ಸ್ವಿಸ್ ಚಾಕಲೇಟಿಗೆ ಸುರಿದದ್ದು ಅದಕ್ಕಿಂತ ಹೆಚ್ಚು. ವಿಮಾನ ತಡವಾದರೆ ಮಕ್ಕಳಿಗಿಂತ ಮೊದಲು ಚಾಲಕನಿಗೆ ಫೋನ್ ಹೋಗಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಸರ್ಕಾರ ಮಾಡಬೇಕಾದದ್ದು, ಒಂಟಿ ಗಾಡಿಯ ಮಾಲೀಕ-ಚಾಲಕರನ್ನೂ ಸೇರಿಸಿ ಪ್ರವಾಸಿ ವಾಹನಗಳ ಚಾಲನಾ ಗಂಟೆಗೆ ಮಿತಿ ಹಾಕುವುದು, ಅದನ್ನು ದಾಖಲಿಸುವ ಉಪಕರಣವನ್ನು ಪರ್ಮಿಟ್ಟಿನ ಷರತ್ತಾಗಿಸುವುದು. ಬಾಡಿಗೆ ಏರುತ್ತದೆ ಎಂಬ ಕೂಗು ಏಳುತ್ತದೆ. ಏರಲಿ. ಈಗಿನ ಬಾಡಿಗೆ ಅಗ್ಗವಾಗಿ ಕಾಣುವುದು ಆ ಹುಡುಗನ ನಿದ್ದೆಯನ್ನು ನಾವು ಪುಕ್ಕಟೆ ಪಡೆದಿರುವುದರಿಂದ.

ಪೆನುಕೊಂಡದ ಆಚೆ ಒಂದು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದೆವು. 'ಏನಾಗಂಗಿಲ್ಲ ಸಾರ್, ಮುಖ ತೊಳ್ಕಂಡ್ರೆ ಸಾಕು' ಎಂದ. ಬೇಡವೆಂದು ಅಂಗಡಿಯ ಬೆಂಚಿನ ಮೇಲೆ ಮಲಗಿಸಿದೆ. ತಲೆ ಇಟ್ಟದ್ದೇ ತಡ, ಗೊರಕೆ. ಎರಡು ಗಂಟೆ ಮಲಗಿದ. ಗುಂಪಿನಲ್ಲಿ ಅಸಮಾಧಾನವಿತ್ತು, ಒಬ್ಬರಿಗೆ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ, ಇನ್ನೊಬ್ಬರಿಗೆ ಗಿರಣಿಗೆ ಬರಬೇಕಾದ ಭತ್ತದ ಲಾರಿ. ಕುರುಗೋಡಿನ ಅಕ್ಕ ಮಾತ್ರ ತನ್ನ ಶಾಲನ್ನು ಮಡಿಸಿ ಅವನ ತಲೆಯ ಕೆಳಗೆ ಇಟ್ಟರು.

ಬಳ್ಳಾರಿಯಲ್ಲಿ ಒಬ್ಬೊಬ್ಬರನ್ನೇ ಇಳಿಸುತ್ತ ಕೊನೆಗೆ ನಮ್ಮಿಬ್ಬರನ್ನು ಮೋಕಕ್ಕೆ ಕರೆತಂದಾಗ ಮಧ್ಯಾಹ್ನ ಒಂದು ಗಂಟೆ. ಹಗರಿ ಹೊಳೆ ಬರೀ ಮರಳಾಗಿ ಬಿದ್ದಿತ್ತು. ಒಳಗೆ ಬಂದು ಊಟ ಮಾಡಿ ಸ್ವಲ್ಪ ಮಲಗಿ ಹೋಗಪ್ಪ ಎಂದು ನನ್ನ ಹೆಂಡತಿ ಒತ್ತಾಯಿಸಿದಳು. ಅವನು ಮಜ್ಜಿಗೆಯನ್ನಷ್ಟೇ ಕುಡಿದು ಗಡಿಯಾರ ನೋಡಿದ.

'ಎರಡಕ್ಕೆ ಮಂತ್ರಾಲಯದ ಬಾಡಿಗೆ ಐತ್ರಿ ಅಮ್ಮ' ಎಂದು ಗಾಡಿ ತಿರುಗಿಸಿದ.